ಹುಳುಮನೆಯ ಪಕ್ಕ ಹಾಕಿದ ಎಲೆ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ರಜೆ ಬಂದರೆ ನನ್ನ ಹೋಟೆಲಿಗೆ ಸೂತಕ ಬಂದ ಹಾಗೆ. ನಮ್ಮದು ಮಾರುಕಟ್ಟೆಯ ಗೇಟಿನಿಂದ ಕೂಗಳತೆಯಲ್ಲಿರುವ ಸಣ್ಣ ಹೋಟೆಲು. ಗೂಡು ತಂದ ರೈತರು, ಹರಾಜಿಗೆ ಬಂದ, ಗೂಡಿನಿಂದ ನೂಲು ತೆಗೆಯುವ ರೀಲರುಗಳು, ಚೀಲ ಹೊರುವವರು, ಎಲ್ಲರೂ ನಮ್ಮಲ್ಲೇ ತಿಂಡಿ, ನಮ್ಮಲ್ಲೇ ಊಟ. ಮಾರುಕಟ್ಟೆ ಮುಚ್ಚಿದ ದಿನ ಆ ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಹಿಂದಿನ ವರ್ಷ ಮೇ ಒಂದರ ಕಾರ್ಮಿಕರ ರಜೆಯನ್ನು ಮರೆತು ಎಂದಿನಂತೆ ಅಕ್ಕಿ ನೆನೆಹಾಕಿ, ಉಕ್ಕಿ ಹರಿದ ಇಡ್ಲಿ ಹಿಟ್ಟನ್ನು ಮಧ್ಯಾಹ್ನ ಎಮ್ಮೆಗಳಿಗೆ ಹುಯ್ದಿದ್ದೆ. ಎಮ್ಮೆಗಳು ಮಾತ್ರ ಆ ರಜೆಯನ್ನು ಚೆನ್ನಾಗಿ ಆಚರಿಸಿದವು.

ಅದರ ಮರುವರ್ಷ ಮೇ ಒಂದು ಶುಕ್ರವಾರ ಬಿತ್ತು. ಶನಿವಾರ, ಭಾನುವಾರ ಸೇರಿದರೆ ಬೆಂಗಳೂರಿನವರಿಗೆ ಮೂರು ದಿನ. ಅಂಥ ದಿನಗಳಲ್ಲಿ ಚಿಕ್ಕಬಳ್ಳಾಪುರದ ಕಡೆಯ ಬೆಟ್ಟಗಳಿಗೆ ಕಾರುಗಳು ಬೆಳಗಿನ ಜಾವದಿಂದಲೇ ಸಾಲು ಹಿಡಿಯುತ್ತವೆ. ಮಧ್ಯಾಹ್ನ ಇಳಿದು ಬಂದವರು ಹೈವೇ ಹೋಟೆಲುಗಳ ಮುಂದೆ ಟೋಕನ್ ಹಿಡಿದು ನಿಂತಿರುತ್ತಾರೆ. ಅಲ್ಲಿ ಜನ ಹಸಿದು ನಿಂತಿರುವಾಗ ಇಲ್ಲಿ ನಾನು ನೊಣ ಹೊಡೆಯುತ್ತಾ ಕೂರುವುದು ಯಾವ ನ್ಯಾಯ ಎಂದು ಹೊಟ್ಟೆ ಉರಿಯುತ್ತಿತ್ತು.

ಉಪಾಯ ಹೇಳಿದವನು ನಮ್ಮಲ್ಲಿ ದಿನಾ ತಿಂಡಿ ತಿನ್ನುವ ಟೆಂಪೊ ಡ್ರೈವರ್. ಪ್ರವಾಸಿಗರನ್ನು ಕೂರಿಸಿಕೊಂಡು ಬೆಟ್ಟಕ್ಕೆ ಓಡಾಡುವವನು. ಹೈವೇಯಲ್ಲಿ ಎಲ್ಲಿ ನಿಲ್ಲಿಸಿದರೂ ಅದೇ ದೋಸೆ, ಅದೇ ಫ್ರೈಡ್ ರೈಸು, ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ ಎಂದು ಶುರುಮಾಡಿದ.

“ರೇಷ್ಮೆ ಹುಳು ತೋರ್ಸಿ, ಮರದ ಕೆಳಗೆ ಎಲೆ ಹಾಕಿ ಮುದ್ದೆ ಊಟ ಬಡಿಸಿ ನೋಡಕ್ಕ. ಕ್ಯೂ ನಿಲ್ತಾರೆ. ಕರ್ಕೊಂಡ್ ಬರೋದು ನಂಗೆ ಬಿಡು.”

ಆ ಮಾತು ನನ್ನ ತಲೆಗೆ ಹತ್ತಿತು. ಒಂದು ವಾರ ಅದೇ ಧ್ಯಾನ. ಮೊದಲು ಪಟ್ಟಿ ಕತ್ತರಿಸಿದೆ. ರಜೆಯ ದಿನ ಹೆಚ್ಚು ಬಗೆ ಮಾಡಿದವರು ಕೆಡುತ್ತಾರೆ. ಆರೇ ಪದಾರ್ಥ: ಮುದ್ದೆ, ಬಸ್ಸಾರು, ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅನ್ನ, ಮಜ್ಜಿಗೆ. ಕೊನೆಗೆ ಹಲಸಿನ ತೊಳೆ. ಮಕ್ಕಳಿಗೆ ನಿಂಬೆಹಣ್ಣಿನ ಗಾತ್ರದ ಪುಟ್ಟ ಮುದ್ದೆ, ತುಪ್ಪ. ಮುಂಚೆಯೇ ಫೋನಿನಲ್ಲಿ ಹೇಳಿದವರಿಗಷ್ಟೇ ಊಟ. ಎರಡೇ ಪಂಕ್ತಿ, ಹನ್ನೆರಡೂವರೆಗೆ ಒಂದು, ಒಂದೂಮುಕ್ಕಾಲಿಗೆ ಒಂದು. ಹೋಗುವಾಗ ಕೊಳ್ಳಲು ಕಡಲೆಕಾಯಿ ಚಟ್ನಿಪುಡಿಯ ಪೊಟ್ಟಣ ಬಾಗಿಲಲ್ಲೇ ಇರಬೇಕು. ಲೆಕ್ಕಾಚಾರ ಎಷ್ಟು ಚೆನ್ನಾಗಿತ್ತೆಂದರೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಉಳಿದದ್ದು ಹುಳು. ಅದಕ್ಕೆ ನನ್ನ ಕಣ್ಣು ಹೋದದ್ದು ನಮ್ಮ ಅಡುಗೆಯವಳ ಮೇಲೆ. ಹನ್ನೊಂದು ವರ್ಷದಿಂದ ನನ್ನ ಒಲೆಯ ಮುಂದೆ ನಿಂತವಳು. ಜಂಗಮಕೋಟೆಯ ಹತ್ತಿರದ ಒಂದು ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದಳು. ಗಂಡ ಹೆಂಡತಿ ಅಷ್ಟು ಕಾಲವೂ ಬೇರೆಯವರ ಹುಳುಮನೆಯಲ್ಲಿ ಪಾಲಿಗೆ ಹುಳು ಸಾಕಿದವರು. ಆ ಯುಗಾದಿಗೆ ತಮ್ಮ ಜಾಗದಲ್ಲಿ ತಮ್ಮದೇ ಹುಳುಮನೆ ಎಬ್ಬಿಸಿದ್ದರು. ಇಟ್ಟಿಗೆ ಹೊತ್ತದ್ದೂ ಅವರೇ, ಗೋಡೆಗೆ ನೀರು ಹಾಕಿದ್ದೂ ಅವರೇ. ಅದರಲ್ಲಿ ಮೊದಲ ಬೆಳೆ ನಡೆಯುತ್ತಿತ್ತು. ಒಲೆಯ ಮುಂದೆ ನಿಂತಾಗಲೂ ಅವಳ ಬಾಯಲ್ಲಿ ಅದೇ ಮಾತು, ಹುಳು ಇಷ್ಟುದ್ದ ಆದವು, ಇಷ್ಟು ಹಿಪ್ಪುನೇರಳೆ ಸೊಪ್ಪು ತಿಂದವು ಎಂದು.

ನಿಮ್ಮ ಮನೆಯ ಹೊಂಗೆ ಮರದ ಕೆಳಗೆ ಊಟ ಹಾಕೋಣ ಎಂದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. “ನಾಕನೇ ಜ್ವರ ಎದ್ದು ಐದು ದಿನ ಆಗಿರುತ್ತಕ್ಕ ಆವಾಗ,” ಎಂದಳು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ಹಗಲು ರಾತ್ರಿ ತಿಂದು, ಹಣ್ಣಾಗಿ, ಗೂಡು ಕಟ್ಟಲು ಏರುತ್ತದೆ. ಇಡೀ ಬೆಳೆಯಲ್ಲಿ ಅತಿ ಜೋಪಾನದ ದಿನಗಳು ಅವೇ. ಅವಳು ಹೇಳಿದ್ದು ‘ಬೇಡ’ ಎಂದೇ. ನಾನು ಕೇಳಿಸಿಕೊಂಡದ್ದು, ನೋಡಲು ಬಂದವರಿಗೆ ಹುಳು ದಪ್ಪಗೆ ಚೆನ್ನಾಗಿ ಕಾಣುತ್ತವೆ ಎಂದು. ಕೆಲಸ ಕೊಟ್ಟವಳು ಬಾಯಿಬಿಟ್ಟು ಕೇಳಿದಾಗ ಆಗಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಹುಶಃ ಕೇಳುತ್ತಿದ್ದೆ.

ಅವಳ ಗಂಡ ಮಿತಭಾಷಿ. ನಾನು ಹೋಗಿ ಕೂತಾಗ ಒಂದೊಂದೇ ಷರತ್ತು ಹೇಳಿದರು. ಹತ್ತಿರದಲ್ಲಿ ಒಗ್ಗರಣೆಯ ಹೊಗೆ ಏಳಬಾರದು. ಬೀಡಿ, ಸಿಗರೇಟು ಕೂಡದು. ಸೆಂಟು ಹಾಕಿಕೊಂಡವರು ಬಾಗಿಲಿಗೂ ಬರಬಾರದು. ಕಾಲನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ, ಐದೈದು ಜನ, ಹೊಸ್ತಿಲ ಆಚೆ ನಿಂತು ನೋಡಬೇಕು, ಮುಟ್ಟುವಂತಿಲ್ಲ. ನಾನು ಎಲ್ಲವನ್ನೂ ಬರೆದುಕೊಂಡೆ. ಒಗ್ಗರಣೆಯ ಅಡುಗೆಯೆಲ್ಲ ಶಿಡ್ಲಘಟ್ಟದಲ್ಲೇ ಮಾಡಿ ತರುವುದು, ಅಲ್ಲಿ ಹಿತ್ತಲಿನಲ್ಲಿ ಮುದ್ದೆ ಮಾತ್ರ ತಿರುವುವುದು ಎಂದು ಗೊತ್ತುಮಾಡಿದೆ. ಡ್ರೈವರ್ ಗಾಡಿಯಲ್ಲೇ ನಿಯಮಗಳನ್ನು ಓದಿ ಹೇಳುವಂತೆ ಚೀಟಿ ಕೊಟ್ಟೆ. ಇಷ್ಟು ಅಚ್ಚುಕಟ್ಟು ಯಾರು ಮಾಡುತ್ತಾರೆ ಎಂಬ ಜಂಬ ನನಗಿತ್ತು.

ಒಂದು ಮಾತು ಹೇಳಬೇಕು. ನಾನು ಚಿಂತಾಮಣಿಯ ಪೇಟೆಯಲ್ಲಿ ಹುಟ್ಟಿದವಳು. ತವರಿನದು ಕಡಲೆಕಾಯಿ ವ್ಯಾಪಾರ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದು ಇಷ್ಟು ವರ್ಷ ರೇಷ್ಮೆಯವರ ನಡುವೆಯೇ ಇದ್ದರೂ ನಾನು ಕಂಡದ್ದು ಗೂಡು, ಹುಳುವಲ್ಲ. ಗೂಡು ಚೀಲದಲ್ಲಿ ಬರುತ್ತದೆ, ಜಾಲರಿಯಲ್ಲಿ ಸುರಿಯುತ್ತಾರೆ, ಹರಾಜಾಗುತ್ತದೆ. ಅದರ ಹಿಂದಿನ ಇಪ್ಪತ್ತೈದು ದಿನಗಳ ಬಾಣಂತನ ನನಗೆ ಕಿವಿಯಿಂದ ಮಾತ್ರ ಗೊತ್ತಿತ್ತು.

ಶುಕ್ರವಾರ ಮೊದಲ ಪಂಕ್ತಿ ಹೂವಿನ ಹಾಗೆ ನಡೆಯಿತು. ಊಟಕ್ಕೆ ಹಲಗೆ ಜೋಡಿಸಿದ್ದ ಹೊಂಗೆಯ ನೆರಳು ತಂಪಾಗಿತ್ತು. ಹುಳುಮನೆಯ ಗೋಡೆ ಮರದಿಂದ ನಾಲ್ಕು ಹೆಜ್ಜೆ. ಬಿಸಿಲಿಗೆ ಅದರ ಕಿಟಕಿಗಳೆಲ್ಲ ತೆರೆದಿದ್ದವು, ನೈಲಾನ್ ಬಲೆ ಮಾತ್ರ ಅಡ್ಡ. ಮಕ್ಕಳು ಹೊಸ್ತಿಲಲ್ಲಿ ಉಸಿರು ಬಿಗಿಹಿಡಿದು ನಿಂತು, ಸಾವಿರಾರು ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು ಕೇಳಿಸಿಕೊಂಡರು. ಒಬ್ಬ ಹುಡುಗಿ ಅದನ್ನು ಫೋನಿನಲ್ಲಿ ಹಿಡಿದುಕೊಂಡಳು. ಅಡುಗೆಯವಳು ಬಾಗಿಲಲ್ಲಿ ನಿಂತು, ಇವು ಇನ್ನೆರಡು ಮೂರು ದಿನಕ್ಕೆ ಹಣ್ಣಾಗ್ತವೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನನ್ನ ಅಡುಗೆಮನೆಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ತೊಂದರೆ ತಂದದ್ದು ಹಲಸು. ಮೊದಲ ಪಂಕ್ತಿಯವರು ತಿಂದು ಬಿಟ್ಟ ತೊಳೆ, ಅಂಟು, ಬೀಜಕ್ಕೆ ಎಲ್ಲಿದ್ದವೋ ನೊಣಗಳು ಮುತ್ತಿಕೊಂಡವು. ಗುಡಿಸಿದೆವು, ನೀರು ಹಾಕಿದೆವು, ಹೋಗಲಿಲ್ಲ. ಎರಡನೆಯ ಪಂಕ್ತಿಯವರು ಬಂದು ಕೂತರು. ಎಲೆ ಹಾಕುವ ಮುಂಚೆಯೇ ಒಂದು ಮಗುವಿನ ಮೂಗಿನ ಮೇಲೆ, ತುಟಿಯ ಮೇಲೆ ನೊಣ. ತಾಯಿ ಮುಖ ಸಿಂಡರಿಸಿ, ಬೇರೆ ಕಡೆ ಹೋಗೋಣವಾ ಎಂದು ಗಂಡನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಹೋಟೆಲಿನಲ್ಲಿ ಪ್ರತಿ ಪಂಕ್ತಿಗೆ ಮುಂಚೆ ನಾನು ಮಾಡುವ ಕೆಲಸ ಒಂದಿದೆ. ಬೆಂಚುಗಳ ಕೆಳಗೆ, ಗೋಡೆಯ ಬುಡಕ್ಕೆ ನೊಣದ ಸ್ಪ್ರೇ ಹೊಡೆಯುವುದು. ಹದಿನೈದು ವರ್ಷದ ಅಭ್ಯಾಸ, ಯೋಚನೆ ಬೇಕಿಲ್ಲ. ಹೋಟೆಲಿನಿಂದ ತಂದ ಚೀಲದಲ್ಲಿ ಡಬ್ಬಿ ಇತ್ತು. ತೆಗೆದೆ, ಹಲಗೆಗಳ ಕೆಳಗೆ ಹೊಡೆದೆ, ಮರದ ಬುಡಕ್ಕೆ ಹೊಡೆದೆ, ನೊಣ ಕೂತಿದ್ದ ಗೋಡೆಯುದ್ದಕ್ಕೂ ಹೊಡೆದೆ. ಆ ಗೋಡೆ ಹುಳುಮನೆಯದು. ಗಾಳಿ ನಮ್ಮ ಕಡೆಯಿಂದ ಅತ್ತ ಬೀಸುತ್ತಿತ್ತು. ನಿಂಬೆಯ ಪರಿಮಳದ ಸ್ಪ್ರೇ, ಬಂದವರಿಗೂ ಹಿತವಾಯಿತು. ಅಡುಗೆಯವಳ ಗಂಡ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು, ಅವಳು ಹಿತ್ತಲಿನಲ್ಲಿ ಮುದ್ದೆ ತಿರುವುತ್ತಿದ್ದಳು. ಅವರ ಷರತ್ತುಗಳಲ್ಲಿ ಈ ಡಬ್ಬಿಯ ಮಾತು ಇರಲಿಲ್ಲ. ಹುಳು ಸಾಕುವ ಊರಿನಲ್ಲಿ ಯಾರೂ ಮನೆಯೊಳಗೆ ತರದ ವಸ್ತುವನ್ನು ತರಬೇಡಿ ಎಂದು ಹೇಳಬೇಕು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ.

ಎಲೆ ಹಾಕಿ, ಪಲ್ಯ, ಚಿತ್ರಾನ್ನ ಬಡಿಸಿದೆ. ಜನ ಉಣ್ಣತೊಡಗಿದರು. ಅಷ್ಟರಲ್ಲಿ ಅವಳು ಮುದ್ದೆಯ ಬುಟ್ಟಿ ಹಿಡಿದು ಬಂದಳು. ಮರದ ಕೆಳಗೆ ಬಂದವಳು ತಟಕ್ಕನೆ ನಿಂತಳು. ಕಿಟಕಿಯ ಕಡೆ ನೋಡಿದಳು, ಎಲೆಗಳ ಕಡೆ ನೋಡಿದಳು. ಬಿಸಿ ಆರುತ್ತೆ, ಬಡಿಸು ಎಂದು ನಾನು ಅವಸರ ಮಾಡಿದೆ. ಅವಳು ಬಡಿಸಿದಳು. ಕೊನೆಯ ಎಲೆಗೆ ಮುದ್ದೆ ಇಟ್ಟವಳೇ ಓಡಿದ ಹಾಗೆ ಹೋಗಿ ಕಿಟಕಿಗಳ ಗೋಣಿ ಪರದೆಗಳನ್ನು ಇಳಿಬಿಟ್ಟಳು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಅವತ್ತು ಚಟ್ನಿಪುಡಿಯ ಪೊಟ್ಟಣಗಳೆಲ್ಲ ಖಾಲಿಯಾದವು.

ಸಂಜೆ ನಾಲ್ಕೂವರೆಗೆ ಹುಳುಗಳಿಗೆ ಸೊಪ್ಪು ಕೊಡುವ ಹೊತ್ತು. ನಾನು ಪಾತ್ರೆ ತೊಳೆಸುತ್ತಿದ್ದೆ. ಒಳಗಿನಿಂದ ಗಂಡ ಅವಳ ಹೆಸರು ಹಿಡಿದು ಕರೆದರು, ಮತ್ತೆ ಕರೆದರು. ಹೋಗಿ ನೋಡಿದರೆ, ಅಟ್ಟಣೆಯ ಮೇಲೆ ಹೊಸ ಸೊಪ್ಪಿನ ಕಡ್ಡಿಗಳು ಹರವಿದ ಹಾಗೇ ಇದ್ದವು. ಹುಳುಗಳು ತಲೆಯೆತ್ತಿ ಅತ್ತಿಂದಿತ್ತ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನ ಅಷ್ಟು ಸದ್ದಿದ್ದ ಮನೆಯಲ್ಲಿ ನಮ್ಮ ಉಸಿರಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವರು ಸೊಪ್ಪು ತೆಗೆದರು, ಬೇರೆ ಸಾಲಿನ ಸೊಪ್ಪು ತಂದರು. ಸುಣ್ಣದ ಪುಡಿ ಉದುರಿಸಿದರು. ಪರದೆ ಎತ್ತಿ ಗಾಳಿ ಬಿಟ್ಟರು. ತಿಳಿದವರಿಗೆಲ್ಲ ಫೋನ್ ಮಾಡಿದರು. ಮೂರು ದಿನದ ರಜೆ, ರೇಷ್ಮೆ ತಜ್ಞರು ಯಾರೂ ಊರಲ್ಲಿರಲಿಲ್ಲ. ಸಪ್ಪೆ ರೋಗವೋ, ಸೊಪ್ಪಿನ ದೋಷವೋ ಎಂದು ಗಂಡ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ನಾನು ನಲ್ಲಿಯ ಹತ್ತಿರ ಹೋಗಿ ಚೀಲದಿಂದ ಡಬ್ಬಿ ತೆಗೆದು ಓದಿದೆ. ಮೀನಿಗೆ, ಜೇನುನೊಣಕ್ಕೆ ಅಪಾಯ ಎಂದು ಸಣ್ಣಕ್ಷರದಲ್ಲಿತ್ತು. ಮತ್ತೆ ಅದನ್ನು ಟವೆಲಿನಲ್ಲಿ ಸುತ್ತಿ ಚೀಲದ ಅಡಿಗೆ ಇಟ್ಟೆ. ಗಾಬರಿಯಲ್ಲಿ ಕೈ ತಾನಾಗಿ ಮಾಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಯೋಚಿಸಿಯೇ ಇಟ್ಟೆ.

ಶನಿವಾರಕ್ಕೂ ಭಾನುವಾರಕ್ಕೂ ಜನ ಹೇಳಿಟ್ಟಿದ್ದರು. ಹುಳು ಇಲ್ಲ, ಊಟ ಹೋಟೆಲಿನಲ್ಲೇ ಎಂದು ಡ್ರೈವರ್ ಕೈಲಿ ಹೇಳಿಸಿದೆ. ಆದರೂ ಬಂದರು. ಅವಳೂ ಶನಿವಾರ ಮೊದಲ ಬಸ್ಸಿಗೇ ಬಂದಳು. ಮನೆಗೆ ಹೋಗು ಎಂದೆ. ಅಲ್ಲಿ ಕೂತು ನೋಡಕ್ಕಾಗಲ್ಲಕ್ಕ ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಳು. ಮಧ್ಯಾಹ್ನ ಗಲ್ಲಾದಲ್ಲಿ ಕೂತಿದ್ದಾಗ ನನ್ನ ಫೋನಿಗೆ ಹಿಂದಿನ ದಿನ ಬಂದಿದ್ದ ಹುಡುಗಿಯ ವಿಡಿಯೊ ಬಂತು, ಜೊತೆಗೆ ಊಟದ ಹೊಗಳಿಕೆ. ತೆರೆದೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಹೋಟೆಲಿನ ಗದ್ದಲದಲ್ಲೂ ಕೇಳಿಸಿತು. ತಲೆಯೆತ್ತಿದರೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈತುಂಬ ರಾಗಿ ಹಿಟ್ಟು. ವಿಡಿಯೊ ಮುಗಿಯುವವರೆಗೂ ನಿಂತಿದ್ದು ಒಳಗೆ ಹೋದಳು. ನಿಲ್ಲಿಸಲು ನನ್ನ ಬೆರಳು ಬರಲಿಲ್ಲ. ಆಗಲಾದರೂ ಎದ್ದು ಹೋಗಿ ಹೇಳಬೇಕಿತ್ತು. ಬಾಗಿಲಲ್ಲಿ ಹೊಸ ಗಿರಾಕಿ ನಿಂತಿದ್ದರು, ಅವರನ್ನು ಕೂರಿಸಿದೆ. ಅವತ್ತಿನಷ್ಟು ವ್ಯಾಪಾರ ಯಾವ ರಜೆಯಲ್ಲೂ ಆಗಿರಲಿಲ್ಲ. ಅವತ್ತಿನಷ್ಟು ನನ್ನ ಮೇಲೆ ನನಗೆ ಅಸಹ್ಯವೂ ಎಂದೂ ಆಗಿರಲಿಲ್ಲ.

ಭಾನುವಾರ ಹುಳುಗಳನ್ನು ಹೂಳಿದರು. ಮಧ್ಯಾಹ್ನದ ಪಂಕ್ತಿ ಮುಗಿಸಿ ನಾನೂ ಹೋದೆ. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಬುಟ್ಟಿ ಬುಟ್ಟಿ ತಂದು ಸುರಿದು, ಮೇಲೆ ಸುಣ್ಣ, ಮತ್ತೆ ಬುಟ್ಟಿ. ಬೆರಳುದ್ದ ಇದ್ದವು ಕುಗ್ಗಿ ಅರ್ಧವಾಗಿದ್ದವು. ಗೂಡು ಕಟ್ಟಿಸಲೆಂದು ತೊಳೆದು ಒಣಗಿಸಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಸಾಲಾಗಿ ಒರಗಿದ್ದವು. ಅವಳು ಗುಂಡಿಯ ಅಂಚಿನಲ್ಲಿ ಕೂತು, ಬುಟ್ಟಿಯ ತಳಕ್ಕೆ ಅಂಟಿದ್ದ ಒಂದೊಂದೇ ಹುಳುವನ್ನು ಬಿಡಿಸಿ ಒಳಗೆ ಹಾಕುತ್ತಿದ್ದಳು. ಅವಳಿಗೆ ಅಳು ಬರಲಿಲ್ಲ. ನನಗೆ ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ. ನೋಡಿದ ಊರವರು ನನ್ನನ್ನು ಒಳ್ಳೆಯವಳು ಅಂದುಕೊಂಡರು.

ಸೋಮವಾರ ತಜ್ಞರೊಬ್ಬರು ಬಂದರು. ಉಳಿಸಿಟ್ಟಿದ್ದ ಹುಳು ನೋಡಿ, ಇದು ರೋಗವಲ್ಲ, ವಿಷ ತಗುಲಿದೆ, ಹತ್ತಿರದಲ್ಲಿ ಯಾರಾದರೂ ಔಷಧಿ ಹೊಡೆದರೇ ಎಂದು ಕೇಳಿದರು. ಪಕ್ಕದ ಹೊಲದಲ್ಲಿ ಟೊಮೆಟೊ ಇತ್ತು. ಅದರ ಯಜಮಾನರು ವಯಸ್ಸಾದವರು, ಗಡಿಯ ಕಡೆಯಿಂದ ಬಂದು ನೆಲೆಸಿದ ತೆಲುಗಿನವರು. ಹುಳುಮನೆಯ ಗೋಡೆ ಏಳುವಾಗ ಇವರಿಗೆ ತಮ್ಮ ಬೋರಿನ ನೀರು ಬಿಟ್ಟವರೂ ಅವರೇ. ಆ ವಾರ ಅವರು ಔಷಧಿ ಹೊಡೆದಿರಬೇಕು ಎಂದು ಯಾರೋ ಅಂದರು. ರಾತ್ರಿ ಕಳೆಯುವುದರೊಳಗೆ ಆ ‘ಇರಬೇಕು’ ಹೋಗಿ ‘ಹೊಡೆದಿದ್ದಾರೆ’ ಆಯಿತು.

ಮಂಗಳವಾರ ಅವಳು ಕೆಲಸಕ್ಕೆ ಬರಲಿಲ್ಲ. ತಿಂಡಿಗೆ ಬಂದ ಡ್ರೈವರ್, ಇವತ್ತು ಅವರ ಊರಲ್ಲಿ ಪಂಚಾಯ್ತಿ, ಟೊಮೆಟೊ ಮುದುಕನನ್ನು ಕರೆಸಿದ್ದಾರೆ, ಅವನ ಹೊಲದ ದಾರಿಯನ್ನೇ ಮುಚ್ಚುತ್ತಾರಂತೆ ಎಂದ. ನಾನು ಕಾಫಿ ಲೋಟಗಳನ್ನು ಒರೆಸುತ್ತಿದ್ದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೇನೆ ಎಂದು ಗೊತ್ತಾದದ್ದು ಸ್ವಲ್ಪ ತಡವಾಗಿ. ಮಾರುಕಟ್ಟೆ ತೆರೆದಿತ್ತು, ಹೋಟೆಲು ತುಂಬಿತ್ತು. ಎದ್ದು, ಕೂತಿದ್ದವರಿಗೆ ಇಡ್ಲಿ ಕೊಟ್ಟು ಮುಗಿಸಿ, ಷಟರ್ ಎಳೆದೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಡ್ರೈವರ್‌ನ ಗಾಡಿ ಹತ್ತಿದೆ.

ನಾನು ಹೋದಾಗ ಮುದುಕ ಅದೇ ಹೊಂಗೆ ಮರದ ಕೆಳಗೆ, ಹತ್ತಾರು ಜನರ ನಡುವೆ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದರು. “ನೇನು ಮಂದು ಕೊಟ್ಟಲೇದಪ್ಪ. ನಾ ಬಿಡ್ಡಲ ಮೀದ ಒಟ್ಟು,” ಎಂದು ತೆಲುಗಿನಲ್ಲೇ ಮಕ್ಕಳ ಮೇಲೆ ಆಣೆ ಇಡುತ್ತಿದ್ದರು, ಔಷಧಿ ಹೊಡೆದಿಲ್ಲ ಎಂದು. ಯಾರೂ ನಂಬುವ ಹಾಗೆ ಕಾಣಲಿಲ್ಲ. ನಾನು ನಡುವೆ ಹೋಗಿ ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟೆ. ಹೇಗೆ ಶುರುಮಾಡಿದೆ ನೆನಪಿಲ್ಲ. ಎರಡನೆಯ ಪಂಕ್ತಿಯ ಹೊತ್ತು, ಹಲಸಿನ ನೊಣ, ಗೋಡೆಯುದ್ದಕ್ಕೂ ಹೊಡೆದದ್ದು, ಸಂಜೆ ಓದಿ ಬಚ್ಚಿಟ್ಟದ್ದು, ಎಲ್ಲವನ್ನೂ ಹೇಳಿದೆ. ಮುದುಕ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಅವಳ ಗಂಡ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೆಳಗಿಟ್ಟರು. ಮುದುಕನ ಹತ್ತಿರ ಹೋಗಿ, ಕೈಹಿಡಿದು ಎಬ್ಬಿಸಿ, ಅವರ ಮನೆಯವರೆಗೂ ಜೊತೆಯಲ್ಲಿ ನಡೆದುಹೋದರು. ಬೆಳೆಯ ನಷ್ಟ ನಾನು ಕಟ್ಟಿಕೊಡುತ್ತೇನೆ ಎಂದು ಉಳಿದವರ ಮುಂದೆ ಹೇಳಿದೆ. ಮುಂದೆ ಕೊಟ್ಟೆ ಕೂಡ. ಅದರಿಂದ ನನ್ನ ಭಾರವೇನೂ ಇಳಿಯಲಿಲ್ಲ.

ಜನ ಚದುರಿದ ಮೇಲೆ ಅವಳು ಒಳಗೆ ಕರೆದಳು. ಊಟದ ಹೊತ್ತಾಗಿತ್ತು. ಬೇಡ ಎಂದರೂ ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಸಾರು ಬಿಟ್ಟಳು. ಎದುರಿಗೆ ಗೋಡೆಗೆ ಒರಗಿ ಕೂತಳು.

“ಅವತ್ತೇ ವಾಸ್ನೆ ಬಂತಕ್ಕ ನಂಗೆ,” ಎಂದಳು. “ಬುಟ್ಟಿ ಹಿಡ್ಕೊಂಡ್ ಬಂದಾಗ್ಲೇ. ಕೂಗ್ಬೇಕು ಅನ್ನಿಸ್ತು. ಜನ ಉಣ್ತಾ ಕೂತಿದ್ರು. ಉಣ್ಣೋರನ್ನ ಹೆಂಗೆ ಎಬ್ಬಿಸ್ಲಿ ಅಂತ ಸುಮ್ಕಾದೆ.”

ಅವಳು ತಂಬಿಗೆಯಿಂದ ನನ್ನ ಲೋಟಕ್ಕೆ ನೀರು ಬಗ್ಗಿಸಿದಳು.

“ಆಮೇಲೆ ನೀವೇ ಹೇಳ್ತೀರ ಅಂತ ಸುಮ್ಕಿದ್ದೆ. ಶನಿವಾರ ಅದಕ್ಕೇ ಬಂದೆ. ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಒಲೆ ಮುಂದೆ ನಿಂತಿದ್ದೆ. ತಾತನ್ನ ನಿಲ್ಲಿಸ್ದಾಗ ನಾನೇ ಬಾಯಿ ಬಿಡ್ಬೇಕಿತ್ತು. ಅದು ನನ್ ತಪ್ಪು.”

ತಪ್ಪೆಲ್ಲ ನನ್ನದೇ ಎಂದೆ. ಅವಳು ತಲೆಯಾಡಿಸಿದಳು.

“ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಕ್ಕ. ಹುಳ ಸತ್ವು ಅಂತಲ್ಲ. ನಾಕು ದಿನ ನಿಮ್ ಪಕ್ಕದಲ್ಲೇ ಇದ್ನಲ್ಲ, ಆದ್ರೂ ನೀವು ಹೇಳ್ಲಿಲ್ಲ, ಅದಕ್ಕೆ.”

ಎದ್ದು ಹೊರಗೆ ಓಡಬೇಕು ಅನ್ನಿಸಿತು. ಆದರೆ ಅವಳು ಬಡಿಸಿ ಎದುರಿಗೇ ಕೂತಿದ್ದಳು, ಮುದ್ದೆ ಇನ್ನೂ ಅರ್ಧ ಇತ್ತು. ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ನುಂಗಿದೆ. ಮುಗಿಯುತ್ತಾ ಬಂದಾಗ ಅವಳು ಎಂದಿನ ಹಾಗೆ, ಇನ್ನೊಂದು ಸ್ವಲ್ಪ ಸಾರು ಬಿಡ್ಲಾ ಎಂದು ಕೇಳಿದಳು. ನಾನು ಹ್ಞೂಂ ಎಂದು ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ.